ನಾಲ್ಕು ಹತ್ತರ ಗಾಡಿ

ಪಂಪಿನ ಕೋಣೆಯ ನೆಲದ ಹಲಗೆ ಎತ್ತಿದಾಗ ಮೊದಲು ಕಂಡದ್ದು ಪಿಟೀಲಿನ ಪೆಟ್ಟಿಗೆ. ಅದರ ಕೆಳಗೆ ಒಬ್ಬ ಮನುಷ್ಯ.

ಮನುಷ್ಯ ಅನ್ನಲು ಉಳಿದಿದ್ದದ್ದು ಮೂಳೆಗಳು, ಒಂದು ಜೊತೆ ಬೂಟು, ಬೆರಳಿನ ಉಂಗುರ. ಹಾರೆ ಹಿಡಿದಿದ್ದ ಕೂಲಿಯಾಳು ಹಾರೆಯನ್ನು ಅಲ್ಲೇ ಬಿಟ್ಟು ಹಳಿಯ ಮೇಲೆ ಓಡಿದ. ಹಳಿ ಇದ್ದದ್ದು ಹೆಸರಿಗೆ ಮಾತ್ರ. ಆ ಸ್ಟೇಷನ್ನಿಗೆ ರೈಲು ಬರುವುದು ನಿಂತು ಹದಿನೈದು ವರ್ಷವಾಗಿತ್ತು. ಅವತ್ತು ಅದನ್ನು ಕೆಡವುತ್ತಿದ್ದರು.

ಕೆಡವುವುದನ್ನು ನೋಡಲು ಹನ್ನೊಂದು ಜನ ಬಂದಿದ್ದರು. ಕೊರಳಲ್ಲಿ ಕ್ಯಾಮೆರಾ, ಮುಖದಲ್ಲಿ ಸೂತಕ. ತಮ್ಮನ್ನು ತಾವೇ 'ಹಳಿ ಹುಚ್ಚರು' ಎಂದು ಕರೆದುಕೊಳ್ಳುವ ಗುಂಪು. ಹಳೆಯ ಹಾಡಿನ ವೀಡಿಯೊಗಳಲ್ಲಿ ರೈಲು ಕಂಡರೆ ಸಾಕು, ಅದು ಯಾವ ಸ್ಟೇಷನ್, ಯಾವ ಗಾಡಿ, ಯಾವ ವರ್ಷ ಎಂದು ಪತ್ತೆ ಹಚ್ಚುವುದು ಇವರ ಕಸುಬಲ್ಲದ ಕಸುಬು. ಹಾಡಿನಲ್ಲಿ ಹುಡುಗಿ ಅಳುತ್ತಿದ್ದರೆ ಲೋಕ ಅವಳ ಕಣ್ಣು ನೋಡುತ್ತದೆ. ಇವರು ಅವಳ ಹಿಂದಿನ ಸಿಗ್ನಲ್ ಕಂಬ ನೋಡುತ್ತಾರೆ.

ಗುಂಪಿಗೆ ಯಜಮಾನಿ ಗಾರ್ಡಕ್ಕ. ಮೂವತ್ತನಾಲ್ಕು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸಿ ನಿವೃತ್ತಳಾದವಳು. ಅವಳು ಹಿಡಿದ ಗುರುತು ಒಮ್ಮೆಯೂ ತಪ್ಪಿರಲಿಲ್ಲ. ಅದನ್ನು ಅವಳೂ ಮರೆತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಟ್ಟಿರಲಿಲ್ಲ.

ಈ ಸ್ಟೇಷನ್ನನ್ನು ಪತ್ತೆ ಹಚ್ಚಿದವಳೂ ಅವಳೇ. ಇಪ್ಪತ್ತೆರಡು ವರ್ಷದ ಹಿಂದೆ ಮನೆಮನೆಯಲ್ಲೂ ಓಡಿದ ಒಂದು ಹಾಡು. ಪ್ಲಾಟ್‌ಫಾರಂ ಮೇಲೆ ಹುಡುಗಿ, ಪಕ್ಕದಲ್ಲಿ ರೈಲು. ಅವಳ ಆ ತೇಲುವ ನಡಿಗೆಯನ್ನು ಅನುಕರಿಸದ ಶಾಲಾ ವಾರ್ಷಿಕೋತ್ಸವವಿರಲಿಲ್ಲ. ಚಿತ್ರೀಕರಣದವರು ಸ್ಟೇಷನ್ನಿನ ಫಲಕಕ್ಕೆ ಸುಳ್ಳು ಹೆಸರು ಬಳಿದಿದ್ದರು. ಗಾರ್ಡಕ್ಕ ಎಂಟು ಕಾಲಿನ ನೀರಿನ ಟ್ಯಾಂಕ್ ನೋಡಿ ಹೆಸರು ಹೇಳಿದ್ದಳು.

ಈಗ ಅದೇ ಟ್ಯಾಂಕಿನ ಬುಡದ ಕೋಣೆಯೊಳಗೆ ಇಣುಕಿದಳು. ಕತ್ತಿನ ಮೂಳೆಗೆ ಒಂದು ಚರ್ಮದ ಪಟ್ಟಿ ಎರಡು ಸುತ್ತು ಸುತ್ತಿಕೊಂಡಿತ್ತು. ಪಟ್ಟಿಯ ತುದಿಯಲ್ಲಿ ನೀಲಿ ನೂಲಿನ ಹೊಲಿಗೆ.

ಆ ಹೊಲಿಗೆ ಹಾಕಿದವಳು ಅವಳೇ. ಅದು ಅವಳ ತಮ್ಮನ ಮೇಕಪ್ ಪೆಟ್ಟಿಗೆಯ ಪಟ್ಟಿ.

"ಇದನ್ನ ಯಾರಾದ್ರೂ ಗುರುತು ಹಿಡೀತೀರಾ?" ಸಂಜೆ ಬಂದ ಇನ್ಸ್‌ಪೆಕ್ಟರ್ ಎಲ್ಲರನ್ನೂ ಕೇಳಿದರು.

ಗುರುತು ಹಿಡಿಯುವುದರಲ್ಲಿ ಊರಿಗೇ ಹೆಸರಾದವಳು ಬಾಯಿ ಮುಚ್ಚಿಕೊಂಡು ನಿಂತಳು.

* * *

ಅವಳು ಬಾಯಿ ಮುಚ್ಚಿದರೆ ಕೇಸು ನಿಲ್ಲುತ್ತದೆಯೇ? ಮೂರನೆಯ ದಿನ, ಗುರುವಾರ ಬೆಳಿಗ್ಗೆ, ಪೊಲೀಸರು ತಮ್ಮನನ್ನು ಮನೆಯಿಂದಲೇ ಕರೆದೊಯ್ದರು. ಗಾರ್ಡಕ್ಕ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆಯೇ ಠಾಣೆಗೆ ಹೋದಳು.

"ಕೂತ್ಕೊಳ್ಳಿ ಮೇಡಂ," ಎಂದರು ಇನ್ಸ್‌ಪೆಕ್ಟರ್. ಮೂಗು ಕಟ್ಟಿದ ದನಿ, ಮೇಜಿನ ತುಂಬ ಒದ್ದೆ ಕರವಸ್ತ್ರ. ಕೆಟ್ಟ ಮನುಷ್ಯನಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಸತ್ತವರು ಆ ಹಾಡಿಗೆ ಪಿಟೀಲು ನುಡಿಸಿದವರು. ಪಿಟೀಲಣ್ಣ ಅಂತಿದ್ರಂತೆ. ಅವತ್ತು ಚಿತ್ರೀಕರಣಕ್ಕೂ ಬಂದಿದ್ರು, ಮನೆಗೆ ವಾಪಸ್ ಹೋಗ್ಲಿಲ್ಲ. ಹೆಂಡತಿ ಉಂಗುರ ಗುರುತು ಹಿಡಿದ್ರು."

"ಅದಕ್ಕೂ ನನ್ನ ತಮ್ಮನಿಗೂ ಏನು ಸಂಬಂಧ?"

"ಪಟ್ಟಿ ನಿಮ್ಮ ತಮ್ಮನದು ಅಂತ ಆ ಹಾಡಿನ ಡೈರೆಕ್ಟರೇ ಗುರುತು ಹಿಡಿದ್ರು. ಅವತ್ತು ಬೆಳಿಗ್ಗೆ ಇಬ್ಬರೂ ಎಲ್ಲರ ಎದುರಿಗೇ ಕಾಲರ್ ಹಿಡ್ಕೊಂಡಿದ್ರು."

"ಹೌದು. 'ಮುಖಕ್ಕೆ ಬಣ್ಣ ಬಳಿಯೋನು ಸಂಗೀತದ ಬಗ್ಗೆ ಮಾತಾಡ್ಬೇಡ' ಅಂದ್ರಂತೆ. ಇವನಿಗೆ ಸಿಟ್ಟು ಬಂತು. ಅಷ್ಟಕ್ಕೆ ಕೊಲೆ ಮಾಡ್ತಾರಾ?"

"ಇನ್ನೂ ಕಮ್ಮಿಗೆ ಮಾಡಿದವರನ್ನ ನೋಡಿದೀನಿ." ಇನ್ಸ್‌ಪೆಕ್ಟರ್ ಸೀನಿದರು. "ಸಂಜೆ ಐದು ಗಂಟೆಗೆ ಪಿಟೀಲಣ್ಣ ಸ್ಟೇಷನ್ ಹೊರಗಿನ ಫೋನಿಂದ ಹೆಂಡತಿಗೆ ಫೋನ್ ಮಾಡಿದ್ದಾರೆ. ಒಂದು ಮಾತು ಇತ್ಯರ್ಥ ಮಾಡ್ಕೊಂಡು ನಾಳೆ ಬೆಳಿಗ್ಗೆ ಗಾಡಿಗೆ ಬರ್ತೀನಿ ಅಂದಿದ್ದಾರೆ. ಆಗ ರೇಡಿಯೊದಲ್ಲಿ ಐದರ ವಾರ್ತೆ ಬರ್ತಿತ್ತಂತೆ. ಗಂಡನ ಕೊನೇ ಮಾತು, ಆಕೆ ಮರೆಯೋದಿಲ್ಲ. ಅಂದ್ಮೇಲೆ ಐದು ಗಂಟೆ ನಂತರ ಅಲ್ಲಿ ಇದ್ದವನೇ ಕೊಂದವನು."

"ನನ್ನ ತಮ್ಮ ಇರ್ಲಿಲ್ಲ! ನಾಲ್ಕು ಹತ್ತರ ಗಾಡಿಗೆ ನಗರಕ್ಕೆ ಹೊರಟೆ ಅಂತ ಅವನೇ ಹೇಳಿದ್ದ. ಸಿಟ್ಟಲ್ಲಿ ಪೆಟ್ಟಿಗೇನೂ ಅಲ್ಲೇ ಬಿಟ್ಟು ಬಂದಿದ್ದ."

"ಡೈರೆಕ್ಟರ್ ಹೇಳೋದು ಬೇರೆ." ಆ ಹಾಡಿಗೆ ಸಂಗೀತವೂ ನಿರ್ದೇಶನವೂ ಅವರದೇ. ಈಗ ದೊಡ್ಡ ಮನುಷ್ಯ. ಸುದ್ದಿ ಓದಿ ತಾವಾಗಿಯೇ ಠಾಣೆಗೆ ಬಂದಿದ್ದರು. "ಜಗಳ ಆದ ಮೇಲೆ ನಿಮ್ಮ ತಮ್ಮ ಯಾವುದೋ ಲಾರಿ ಹತ್ತಿ ಹೋದ. ನಾಲ್ಕರ ಗಾಡಿಗೆ ವಾಪಸ್ ಬಂದು ಇಳಿದ. ಕಣ್ಣಾರೆ ಕಂಡೆ ಅಂತಾರೆ. ನಾಲ್ಕೂವರೆಗೆ ತಾವೆಲ್ಲ ವ್ಯಾನ್ ಹತ್ತಿ ಹೊರಟ್ವಿ ಅಂತಾರೆ."

"ಸುಳ್ಳು."

"ವೀಡಿಯೊದಲ್ಲೇ ಇದೆಯಲ್ಲ ಮೇಡಂ."

ಇನ್ಸ್‌ಪೆಕ್ಟರ್ ಒಂದು ಹಾಳೆಯನ್ನು ಅವಳತ್ತ ತಿರುಗಿಸಿದರು. ಗಾರ್ಡಕ್ಕ ಆರು ತಿಂಗಳ ಹಿಂದೆ ಹಳಿ ಹುಚ್ಚರ ಗುಂಪಿನಲ್ಲಿ ಹಾಕಿದ್ದ ಬರಹ. ಅವಳದೇ ಮಾತು, ಅವಳದೇ ಗತ್ತು.

'ನಗರದ ಕಡೆಯಿಂದ ಬಂದು ನಿಲ್ಲುತ್ತಿರುವ ನಾಲ್ಕು ಐದರ ಗಾಡಿ. ಗಡಿಯಾರದಲ್ಲಿ ನಾಲ್ಕು ಹತ್ತು, ಅಂದರೆ ಐದು ನಿಮಿಷ ತಡ. ಬಾಗಿಲಲ್ಲಿ ನಿಂತು ಬರುತ್ತಿರುವ ಚೌಕಳಿ ಅಂಗಿಯ ಹುಡುಗ ನನ್ನ ತಮ್ಮ! ಇದರಲ್ಲಿ ಯಾರಿಗೂ ಅನುಮಾನ ಬೇಡ.'

"ನಮಗೆ ಅನುಮಾನ ಇತ್ತು," ಎಂದರು ಇನ್ಸ್‌ಪೆಕ್ಟರ್. "ಬೇಡ ಅಂತ ನೀವೇ ಬರೆದಿದ್ದೀರಿ. ಇವತ್ತು ಮ್ಯಾಜಿಸ್ಟ್ರೇಟರಿಂದ ನಾಲ್ಕು ದಿನ ಕಸ್ಟಡಿ ತಗೋತೀವಿ, ಸೋಮವಾರ ಮತ್ತೆ ಕೋರ್ಟಿಗೆ ಹಾಜರುಪಡಿಸ್ತೀವಿ."

* * *

ಲಾಕಪ್ಪಿನಲ್ಲಿ ತಮ್ಮ ಗೋಡೆಗೆ ಒರಗಿ ಕೂತಿದ್ದ. ನಲವತ್ತೊಂಬತ್ತು ವರ್ಷ. ಮೂರು ವರ್ಷದವನಿದ್ದಾಗ ತಾಯಿ ಹೋದಳು. ಅಂದಿನಿಂದ ಅವನಿಗೆ ಅಕ್ಕನೇ ಅಮ್ಮ, ಅಕ್ಕನೇ ಮೇಷ್ಟರು, ಅಕ್ಕನೇ ಪಂಚಾಂಗ.

"ಅಕ್ಕ, ಅವತ್ತು ನಾನು ಹೋಗಿದ್ನಾ, ಬಂದಿದ್ನಾ?"

"ನಿನಗೆ ಗೊತ್ತಿಲ್ವೇನೋ?"

"ಹೋದೆ ಅಂತ್ಲೇ ನೆನಪು. ಆದ್ರೆ ಇಪ್ಪತ್ತೆರಡು ವರ್ಷ ಆಯ್ತಲ್ಲ. ಜಗಳ ಆದ ಮೇಲೆ ಕುಡಿದಿದ್ದೆ. ಕುಡಿದವನ ನೆನಪಿಗೆ ಏನು ಬೆಲೆ? ವೀಡಿಯೊದಲ್ಲಿ ನೋಡಿದ್ರೆ ಬರ್ತಾ ಇದೀನಿ." ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. "ನೀನೂ ಹಾಗೇ ಬರೆದಿದ್ದೀಯ. ನಿನ್ನ ಲೆಕ್ಕ ಯಾವತ್ತು ತಪ್ಪಿದೆ?"

ಆರು ತಿಂಗಳ ಹಿಂದೆ ಗಾರ್ಡಕ್ಕ ಆ ವೀಡಿಯೊವನ್ನು ಸಂಭ್ರಮದಿಂದ ಅವನಿಗೆ ತೋರಿಸಿದ್ದಳು. ಅವನು ನೋಡಿ, 'ಅಕ್ಕ, ಅದು ನಾನು ವಾಪಸ್ ಹೋಗ್ತಿರೋದು ಅಲ್ವಾ?' ಎಂದಿದ್ದ. 'ಸುಮ್ನಿರೋ, ರೈಲಿನ ವಿಷಯ ನನಗೆ ಹೇಳ್ಬೇಡ' ಎಂದು ನಕ್ಕಿದ್ದಳು. ಅವನೂ ನಕ್ಕು ಸುಮ್ಮನಾಗಿದ್ದ.

"ಸೋಮವಾರ ಒಪ್ಕೊಂಡುಬಿಡ್ತೀನಿ," ಎಂದ ತಮ್ಮ. "ಶಿಕ್ಷೆ ಕಮ್ಮಿ ಆಗುತ್ತಂತೆ. ಒಂದು ವೇಳೆ ನಾನೇ ಮಾಡಿದ್ರೆ?"

"ಬಾಯಿ ಮುಚ್ಚು!"

"ಮುಚ್ಚಿದ್ರೆ ಮಾತ್ರ ನಿಜ ಬದಲಾಗುತ್ತಾ ಅಕ್ಕ?"

ಗಾರ್ಡಕ್ಕ ತಿರುಗಿ ನಡೆದಳು. ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ಜೀವಮಾನದಲ್ಲಿ ಮೊದಲ ಬಾರಿಗೆ ತಾನು ತಪ್ಪಿರಲಿ ಎಂದು ಬೇಡಿಕೊಂಡಳು.

* * *

ತಪ್ಪುವುದು ಅಷ್ಟು ಸುಲಭವಿರಲಿಲ್ಲ.

ಮೊದಲ ಆಸೆ: ಸ್ಟೇಷನ್ ಬೇರೆಯದಿರಬಹುದು. ಅಂಥ ಟ್ಯಾಂಕುಗಳು ಆ ದಾರಿಯಲ್ಲಿ ಮೂರಿದ್ದವು. ಗುರುವಾರ ಮಧ್ಯಾಹ್ನ ಬಸ್ಸು ಹಿಡಿದು ಪಾಳು ಸ್ಟೇಷನ್ನಿಗೆ ಹೋದಳು. ಅರ್ಧ ಕೆಡವಿದ ಚಾವಣಿಯ ಐದನೆಯ ಕಂಬದಲ್ಲಿ ವೀಡಿಯೊದಲ್ಲಿದ್ದ ಅದೇ ಬೆಸುಗೆ ಗುರುತು ಸಿಕ್ಕಿತು. ಸ್ಟೇಷನ್ ಅದೇ.

ಎರಡನೆಯ ಆಸೆ: ಗಡಿಯಾರ ನಿಂತಿರಬಹುದು. ಅಲ್ಲಿದ್ದ ಹಳೆಯ ಸ್ಟೇಷನ್ ಮಾಸ್ತರು ಈಗ ಮಗಳ ಮನೆಯಲ್ಲಿದ್ದರು. ಎಂಬತ್ತು ದಾಟಿದ್ದರೂ ಮೀಸೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿರಲಿಲ್ಲ.

"ನನ್ನ ಗಡಿಯಾರ ತಪ್ಪಿತ್ತು ಅಂತೀಯೇನಮ್ಮ? ಪ್ರತಿದಿನ ಬೆಳಿಗ್ಗೆ ನಾನೇ ಕೀ ಕೊಡ್ತಿದ್ದೆ. ಅರ್ಧ ನಿಮಿಷ ಆಚೀಚೆ ಆದ್ರೆ ಈ ಮೀಸೆ ಬೋಳಿಸ್ತೀನಿ."

"ಸಾರ್, ಅವತ್ತಿನ ಚಿತ್ರೀಕರಣ ನೆನಪಿದೆಯಾ?"

"ನಾಲ್ಕು ಐದಕ್ಕೆ ಒಂದು ಗಾಡಿ ಬರ್ತಿತ್ತು, ನಾಲ್ಕು ಹತ್ತಕ್ಕೆ ಎದುರಿನ ಗಾಡಿ ನಗರದ ಕಡೆ ಹೋಗ್ತಿತ್ತು. ಎರಡೂ ಹೋದ ಮೇಲೆ ಬೀಗ ಹಾಕಿ ಮನೆಗೆ. ಆಮೇಲೆ ಬೆಳಿಗ್ಗೆವರೆಗೂ ಗಾಡಿ ಇಲ್ಲ. ಆಮೇಲೆ ಅಲ್ಲಿ ಯಾರು ಹಾಡಿದರೋ, ಯಾರು ಕುಣಿದರೋ, ನನಗೇನು ಗೊತ್ತು?"

ಮೂರನೆಯ ಆಸೆ: ಬಾಗಿಲಲ್ಲಿರುವವನು ತಮ್ಮನೇ ಅಲ್ಲ. ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಕೂತು ಫೋನಿನಲ್ಲಿ ಆ ಒಂಬತ್ತು ಸೆಕೆಂಡನ್ನು ನೂರು ಸಲ ಓಡಿಸಿದಳು. ರೈಲು ಬರುತ್ತದೆ, ಇಂಜಿನ್ ಚೌಕಟ್ಟಿನ ಆಚೆ, ಕಾಣುವುದು ನಡುವಿನ ಡಬ್ಬಿಗಳಷ್ಟೇ. ನಿಧಾನವಾಗುತ್ತದೆ. ನಿಲ್ಲುತ್ತದೆ. ಹುಡುಗಿ ತೇಲಿಕೊಂಡು ನಡೆಯುತ್ತಾಳೆ. ಬಾಗಿಲಲ್ಲಿ ಚೌಕಳಿ ಅಂಗಿ. ಜೇಬು ಒಂದು ಬೆರಳು ಓರೆ. ಆ ಅಂಗಿಯನ್ನೂ ಅವಳೇ ಹೊಲಿದದ್ದು. ಜೇಬನ್ನು ಓರೆ ಮಾಡಿದವಳೂ ಅವಳೇ.

ಫೋನನ್ನು ಗೋಡೆಗೆ ಬೀಸಿ ಒಗೆಯಬೇಕೆನ್ನಿಸಿತು. ಒಗೆಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ತಾನು ಹಿಡಿದ ಒಂದೊಂದು ಗುರುತೂ ಸರಿಯಾಗಿತ್ತು. ಒಂದೊಂದು ಸರಿಯೂ ತಮ್ಮನ ಕುತ್ತಿಗೆಗೆ ಇನ್ನೊಂದು ಸುತ್ತು ಸುತ್ತುತ್ತಿತ್ತು.

ಆಗ ಫೋನು ಬಂತು. ಹಲ್ಲಿನ ಡಾಕ್ಟರು. ಹಳಿ ಹುಚ್ಚರಲ್ಲಿ ಒಬ್ಬರು. ಹಳೆಯ ವೇಳಾಪಟ್ಟಿಗಳ ಭಂಡಾರವೇ ಅವರ ಬಳಿ ಇತ್ತು.

"ಗಾರ್ಡಕ್ಕ, ಬೇಜಾರು ಮಾಡ್ಕೋಬೇಡಿ. ನೀವು ಆ ಬರಹ ಹಾಕಿದವತ್ತೇ ನಾನೊಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ?"

ನೆನಪಿತ್ತು. ಗಾಡಿ ನಾಲ್ಕು ಐದರದ್ದಾದರೆ ಗಡಿಯಾರದಲ್ಲಿ ನಾಲ್ಕು ಹತ್ತು ಯಾಕೆ ಎಂದು ಕೇಳಿದ್ದರು. 'ಹಲ್ಲು ಕೀಳೋರಿಗೆ ರೈಲಿನ ತಡ ಹೇಗೆ ಗೊತ್ತಾಗ್ಬೇಕು? ಐದು ನಿಮಿಷ ಅಂದ್ರೆ ನಮ್ಮಲ್ಲಿ ಸರಿಯಾದ ಸಮಯ' ಎಂದು ಗಾರ್ಡಕ್ಕ ಉತ್ತರಿಸಿದ್ದಳು. ಎಲ್ಲರೂ ನಕ್ಕಿದ್ದರು.

"ಸರಿಯಾಗಿ ನಾಲ್ಕು ಹತ್ತಕ್ಕೆ ಒಂದು ಗಾಡಿ ಇದೆಯಲ್ಲ," ಎಂದರು ಡಾಕ್ಟರು. "ಹೋಗೋ ಗಾಡಿ. ಅದು ಯಾಕಾಗ್ಬಾರ್ದು ಅಂತ."

"ಡಾಕ್ಟ್ರೇ, ಅದು ನಗರದ ಕಡೆ ಹೋಗೋ ಗಾಡಿ. ವೀಡಿಯೊದಲ್ಲಿ ನಗರದ ಕಡೆಯಿಂದ ಬಂದು ನಿಲ್ತಿದೆ. ಹೋಗೋ ಗಾಡಿ ಬರುತ್ತಾ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಆ ಹುಡುಗೀನ ಕೇಳಿ ನೋಡಿ. ನಡಿಗೆಯವಳನ್ನ. ಈಗ ಈಜು ಕಲಿಸ್ತಾಳಂತೆ."

* * *

ಶನಿವಾರ ಬೆಳಿಗ್ಗೆ ಒಂಬತ್ತು. ಈಜುಕೊಳದ ಕಟ್ಟಡದ ತುಂಬ ಔಷಧಿ ನೀರಿನ ವಾಸನೆ.

ಒಂದು ಕಾಲದ ಆ ಹುಡುಗಿ ಈಗ ನಲವತ್ತೈದರ ಗಟ್ಟಿ ಹೆಂಗಸು. ಕೊರಳಲ್ಲಿ ಸೀಟಿ. ನೀರಿನಲ್ಲಿ ಒಬ್ಬ ದಪ್ಪ ಗುಮಾಸ್ತ ಒದ್ದಾಡುತ್ತಿದ್ದ.

"ಕಾಲು ಬಡೀರಿ! ಕಾಲು! ನೀರಿನ ಮೇಲೆ ಕೋಪ ತೀರಿಸ್ಕೋಬೇಡಿ ಸಾರ್!" ಅವಳು ಗಾರ್ಡಕ್ಕನ ಕಡೆ ತಿರುಗದೆಯೇ ಹೇಳಿದಳು, "ಪೊಲೀಸರೂ ಫೋನ್ ಮಾಡಿದ್ರು. ಎಷ್ಟು ಗಂಟೆಗೆ ಏನಾಯ್ತು ಅಂತ ಕೇಳಿದ್ರು. ಟೈಮ್ ನೆನಪಿಲ್ಲ ಅಂದೆ. ನಿಜವಾಗ್ಲೂ ನೆನಪಿಲ್ಲ."

"ನನ್ನ ತಮ್ಮ ಮೇಕಪ್ ಮಾಡ್ತಿದ್ನಲ್ಲ, ಅವನು..."

"ಒಳ್ಳೇ ಹುಡುಗ. ಕೈ ಬಹಳ ಮೃದು. ಅವನು ಕೊಂದಿರಲ್ಲ ಅನ್ಸುತ್ತೆ. ಅನ್ಸೋದು ಸಾಕ್ಷಿ ಆಗುತ್ತಾ?"

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಸಿಗಲಿಲ್ಲ. ಗಾರ್ಡಕ್ಕ ಬೆಂಚಿನ ಮೇಲೆ ಕುಸಿದಳು. ಸೋಮವಾರಕ್ಕೆ ಎರಡೇ ದಿನ. ಗುಮಾಸ್ತ ಕೊನೆಗೂ ತೇಲಿ ಮುಂದೆ ಬರತೊಡಗಿದ. ಅವನ ಮುಖದಿಂದ ಕಣ್ಣು ತೆಗೆಯದೆ ಆ ಹೆಂಗಸು ಕೊಳದ ಅಂಚಿನಲ್ಲಿ ಹಿಂದು ಹಿಂದಕ್ಕೆ ನಡೆದಳು. ಮೊದಲು ಬೆರಳು ಊರಿ, ಆಮೇಲೆ ಹಿಮ್ಮಡಿ. ಮೈ ಒಂಚೂರು ತೂಗಿ, ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ.

ಗಾರ್ಡಕ್ಕ ಎದ್ದು ನಿಂತಳು.

ಅದೇ ನಡಿಗೆ. ನೂರು ಸಲ ನೋಡಿದ್ದಳು. ಆದರೆ ದಿಕ್ಕು ಮಾತ್ರ ಉಲ್ಟಾ.

"ಅಮ್ಮಾ," ಎಂದಳು, "ಆ ಹಾಡಿನಲ್ಲಿ ನಿಮ್ಮನ್ನ ಹೇಗೆ ನಡೆಸಿದ್ರು?"

"ಹಿಂದಕ್ಕೆ." ಆಕೆ ನಕ್ಕಳು. "ಯಾರೂ ಇದನ್ನ ಕೇಳೇ ಇಲ್ಲ ನೋಡಿ. ಹಿಂದಕ್ಕೆ ನಡಿ, ಆಮೇಲೆ ಫಿಲ್ಮನ್ನ ಉಲ್ಟಾ ಓಡಿಸ್ತೀನಿ ಅಂದ್ರು ಡೈರೆಕ್ಟರು. ಅದಕ್ಕೇ ಆ ತೇಲಾಟ. ಯಾರಿಗೂ ಹೇಳ್ಬೇಡ, ಗುಟ್ಟು ಅಂತ ಆಣೆ ಹಾಕಿಸಿದ್ರು. ಕ್ಯಾಮೆರಾದವರು, ಡೈರೆಕ್ಟರು, ನಾನು, ಮೂರೇ ಜನಕ್ಕೆ ಗೊತ್ತಿದ್ದದ್ದು. ಕ್ಯಾಮೆರಾದವರು ತೀರ್ಕೊಂಡ್ರು. ಶಾಲೆ ಮಕ್ಕಳು ಮುಂದಕ್ಕೆ ನಡೆದು ತೇಲೋಕೆ ಹೋಗಿ ಬೀಳ್ತಿದ್ರು, ಪಾಪ."

ನೀರಿನಲ್ಲಿ ಗುಮಾಸ್ತ ಮತ್ತೆ ಮುಳುಗಿದ. ಇಬ್ಬರೂ ಅವನನ್ನು ನೋಡಲಿಲ್ಲ.

"ಪಕ್ಕದಲ್ಲಿದ್ದ ರೈಲು?" ಎಂದಳು ಗಾರ್ಡಕ್ಕ.

"ಅದು ಹೊರಡ್ತಿತ್ತು."

* * *

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಕುರ್ಚಿಯ ಎದುರು ಗೋಡೆಯ ಮೇಲೆ ದೊಡ್ಡ ಟಿವಿ. ಬಾಯಿ ತೆರೆದು ಮಲಗಿದವರಿಗೆ ನೋವು ಮರೆಯಲಿ ಎಂದು ಹಾಕಿಸಿದ್ದು. ಆ ಹಾಡಿನ ಒಳ್ಳೆಯ ಹಳೆಯ ಟೇಪು ಇದ್ದದ್ದು ಡಾಕ್ಟರ ಬಳಿ ಮಾತ್ರ.

"ಆಕೆ ಮಾತೊಂದೇ ಸಾಲೋದಿಲ್ಲ," ಎಂದಳು ಗಾರ್ಡಕ್ಕ. "ಇಪ್ಪತ್ತೆರಡು ವರ್ಷದ ನೆನಪು ಅಂತ ತಳ್ಳಿಹಾಕ್ತಾರೆ. ರೈಲೇ ಹೇಳ್ಬೇಕು. ಹಾಕಿ."

ಕುರ್ಚಿಯಲ್ಲಿದ್ದ ರೋಗಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕತ್ತು ಹೊರಳಿಸಿ ನೋಡಿದ.

ಆ ಪುಟ್ಟ ಸ್ಟೇಷನ್ನಿನ ಪ್ಲಾಟ್‌ಫಾರಂ ತಗ್ಗು. ಹುಡುಗಿಯ ಪಾದಗಳ ಹಿಂದೆ ಡಬ್ಬಿಯ ಚಕ್ರಗಳು ಪೂರ್ತಿ ಕಾಣುತ್ತಿದ್ದವು. ಫೋನಿನಲ್ಲಿ ಅವು ಬರೀ ಕಪ್ಪು ಮಸಿ. ಇಲ್ಲಿ ಒಂದೊಂದು ಕಬ್ಬಿಣವೂ ಬೇರೆ ಬೇರೆ.

"ನಿಲ್ಸಿ. ಚಕ್ರ ದೊಡ್ಡದು ಮಾಡಿ."

ಟಿವಿ ತುಂಬ ಚಕ್ರ. ಗಾರ್ಡಕ್ಕ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು.

"ಇದು ಬ್ರೇಕಿನ ಕಟ್ಟೆ. ಚಕ್ರದ ಪಕ್ಕದಲ್ಲಿರೋ ಕಬ್ಬಿಣದ ತುಂಡು. ರೈಲು ನಿಲ್ಬೇಕಾದ್ರೆ ಇದು ಚಕ್ರಾನ ಕಚ್ಚಿ ಹಿಡಿದಿರ್ಬೇಕು. ನೋಡಿ, ಎರಡು ಬೆರಳಷ್ಟು ಜಾಗ! ಮುಂದೆ ಓಡಿಸಿ. ನಿಧಾನ ಆಗ್ತಿದೆ, ಜಾಗ ಹಾಗೇ ಇದೆ. ನಿಂತೇಬಿಡ್ತು, ಜಾಗ ಇನ್ನೂ ಇದೆ. ಹತ್ತು ಡಬ್ಬಿ ಗಾಡಿ ಬ್ರೇಕ್ ಕಚ್ಚದೆ, ಗೆರೆ ಎಳೆದ ಹಾಗೆ ಹೇಗ್ರೀ ನಿಲ್ಲುತ್ತೆ?"

"ಈಗ ಉಲ್ಟಾ ಓಡಿಸ್ತೀನಿ," ಎಂದರು ಡಾಕ್ಟರು.

ರೈಲು ನಿಂತಿತ್ತು. ಬ್ರೇಕು ಬಿಟ್ಟಿತ್ತು. ಮೆಲ್ಲಗೆ ಹೊರಟಿತು. ಹುಡುಗಿ ತಡವರಿಸುತ್ತ ಹಿಂದಕ್ಕೆ ನಡೆದಳು. ತೇಲಾಟ ಮಾಯವಾಗಿತ್ತು. ಬಾಗಿಲಲ್ಲಿ ಚೌಕಳಿ ಅಂಗಿಯ ಹುಡುಗ ದೂರವಾಗುತ್ತಾ ಹೋದ. ಹೋದ, ಹೋದ, ನಗರದ ಕಡೆಗೇ ಹೋದ.

ಮೂವತ್ತನಾಲ್ಕು ವರ್ಷ ಪ್ರತಿ ಪ್ರಯಾಣಕ್ಕೂ ಮುಂಚೆ ಬಗ್ಗಿ ಬ್ರೇಕು ನೋಡಿದವಳು ಗಾರ್ಡಕ್ಕ. ಆದರೆ ಹಾಡಿನಲ್ಲಿ ಅವಳು ನೋಡಿದ್ದು ಗಡಿಯಾರ ಮತ್ತು ಟ್ಯಾಂಕು. ಐದು ನಿಮಿಷ ವ್ಯತ್ಯಾಸ ಕಂಡಾಗ ರೈಲ್ವೆಯವಳ ಬುದ್ಧಿ ಅದನ್ನು ಕ್ಷಮಿಸಿಬಿಟ್ಟಿತ್ತು. ಬೇರೆ ಯಾರಾದರೂ ಆಗಿದ್ದರೆ ಗಡಿಯಾರವನ್ನು ನಂಬುತ್ತಿದ್ದರು.

ರೋಗಿ ಹತ್ತಿ ಉಗುಳಿ, "ಹಂಗಾದ್ರೆ ಆ ಹುಡುಗ ಹೋಗಿದ್ನಾ?" ಎಂದ.

"ಹೋಗಿದ್ದ," ಎಂದಳು ಗಾರ್ಡಕ್ಕ. ಅಲ್ಲೇ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು.

* * *

ಅದೇ ದಿನ ಮಧ್ಯಾಹ್ನ ಮೂರಕ್ಕೆ ಡೈರೆಕ್ಟರು ಠಾಣೆಗೆ ಬಂದರು. ಹೇಳಿಕೆಗೆ ಇನ್ನೊಂದು ಸಹಿ ಬೇಕು ಎಂದು ಇನ್ಸ್‌ಪೆಕ್ಟರ್ ಕರೆಸಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಮೇಲೆ ಕರುಣೆ.

"ತಾಯೀ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ," ಎಂದರು ಗಾರ್ಡಕ್ಕನಿಗೆ. "ಆದರೆ ಕಂಡದ್ದನ್ನ ಕಂಡ ಹಾಗೆ ಹೇಳ್ಬೇಕಲ್ಲ."

"ಇನ್ನೊಂದ್ಸಲ ಹೇಳಿ ಸಾರ್," ಎಂದರು ಇನ್ಸ್‌ಪೆಕ್ಟರ್, ಪೆನ್ನು ಹಿಡಿದು.

"ಅದೇ ಶಾಟ್ ತೆಗೀತಿದ್ವಿ. ರೈಲು ಬಂತು, ನಿಂತಿತು. ಆ ಹುಡುಗ ಬಾಗಿಲಲ್ಲಿದ್ದ. ಇಳಿದ. ವೀಡಿಯೊದಲ್ಲೇ ಇದೆ."

"ನಿಂತ ರೈಲಿಂದ ಇಳಿದ?"

"ಕಣ್ಣಾರೆ ಕಂಡೆ."

"ಆ ಹುಡುಗಿ ನಡಿಗೆ ಬಹಳ ಚೆನ್ನಾಗಿದೆ," ಎಂದಳು ಗಾರ್ಡಕ್ಕ. "ಹೇಗೆ ಕಲಿಸಿದ್ರಿ?"

ಡೈರೆಕ್ಟರು ಅಂಗಿಯ ತೋಳು ಸರಿಪಡಿಸಿಕೊಂಡರು. "ಮೂರು ದಿನ ಅಭ್ಯಾಸ."

ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಸೀಟಿ ಇನ್ನೂ ಆಕೆಯ ಕೊರಳಲ್ಲೇ ಇತ್ತು.

"ಮೂರು ದಿನಾನಾ ಸಾರ್? ಹತ್ತು ನಿಮಿಷ. ಹಿಂದಕ್ಕೆ ನಡಿ ಅಂದ್ರಿ. ನಡೆದೆ. ಕಾಲು ಉಳುಕಿ ಬಿದ್ದೆ. ಎರಡನೇ ಸಲ ಮಾಡೋಕೆ ರೈಲು ಇರ್ಲಿಲ್ಲ, ಹೋಗಿಬಿಟ್ಟಿತ್ತು."

ಡೈರೆಕ್ಟರ ಕೈ ಗಡ್ಡಕ್ಕೆ ಹೋಗಿ ಅಲ್ಲೇ ನಿಂತಿತು.

ಗಾರ್ಡಕ್ಕ ಮೇಜಿನ ಮೇಲೆ ಎರಡು ಚಿತ್ರ ಇಟ್ಟಳು, ಒಂದು ರೈಲು ನಿಧಾನವಾಗುವಾಗಿನದು, ಇನ್ನೊಂದು ನಿಂತಾಗಿನದು. ಎರಡರಲ್ಲೂ ಚಕ್ರ, ಎರಡರಲ್ಲೂ ಸಡಿಲ ಬ್ರೇಕು.

"ನಾನು ತಪ್ಪು ಮಾಡ್ದೆ," ಎಂದಳು. ಆ ಮಾತು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. "ಹೋಗೋ ಗಾಡೀನ ಬರೋ ಗಾಡಿ ಅಂದೆ. ವೀಡಿಯೊ ನೋಡಿದ ಲಕ್ಷಾಂತರ ಜನ ಹಾಗೇ ಅಂದ್ಕೊಂಡ್ರು. ಇನ್ಸ್‌ಪೆಕ್ಟರೂ ಅಂದ್ಕೊಂಡ್ರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನಾನು ನೋಡ್ಲಿಲ್ಲ. ಎಲ್ಲರಿಗೂ ಈ ತಪ್ಪು ಆಗ್ಬಹುದು. ಆದರೆ ಶಾಟನ್ನ ಉಲ್ಟಾ ಮಾಡಿಸಿದವರಿಗೆ ಆಗೋಕೆ ಸಾಧ್ಯವೇ ಇಲ್ಲ. ನನ್ನ ತಮ್ಮ ಹೋಗೋದನ್ನ ನೀವು ನಿಂತು ನೋಡಿದ್ರಿ. ಬಂದ ಅಂದ್ರಿ. ಅದು ಮರೆವು ಅಲ್ಲ ಸಾರ್."

"ಇಪ್ಪತ್ತೆರಡು ವರ್ಷ ಆಯ್ತು..." ಎಂದರು ಡೈರೆಕ್ಟರು. "ಗೊಂದಲ ಆಗಿರ್ಬಹುದು."

"ನಾಲ್ಕೂವರೆಗೆ ವ್ಯಾನ್ ಹತ್ತಿದ್ದೂ ಗೊಂದಲಾನಾ?" ಎಂದರು ಇನ್ಸ್‌ಪೆಕ್ಟರ್.

"ವ್ಯಾನಲ್ಲಿ ಹೋಗಿದ್ದು ಡ್ರೈವರು, ಕ್ಯಾಮೆರಾದವರು, ನಾನು," ಎಂದಳು ಈಜಿನವಳು. "ಕಾಲು ಊದಿತ್ತು, ಹಿಂದಿನ ಸೀಟಲ್ಲಿ ನಾನೊಬ್ಬಳೇ ಉದ್ದಕ್ಕೆ ಮಲಗಿದ್ದೆ. ಇವರು ಇದ್ದಿದ್ರೆ ಎಲ್ಲಿ ಮಲಗ್ತಿದ್ದೆ? ಪಿಟೀಲಣ್ಣನ ಜೊತೆ ಮಾತಿದೆ, ಆಮೇಲೆ ಬರ್ತೀನಿ ಅಂದ್ರು. ಲೈಟು, ಮೇಕಪ್ ಪೆಟ್ಟಿಗೆ ಎಲ್ಲಾ ಪಂಪಿನ ಕೋಣೇಲಿತ್ತು. ಬೀಗದ ಕೈ ಇವರ ಜೇಬಲ್ಲಿತ್ತು."

"ಪಿಟೀಲಣ್ಣ ಹೆಂಡತಿಗೆ ಹೇಳಿದ ಮಾತು, ಇತ್ಯರ್ಥ ಮಾಡ್ಕೋಬೇಕು ಅಂತ," ಇನ್ಸ್‌ಪೆಕ್ಟರ್ ಮೂಗೊರೆಸಿಕೊಂಡರು. "ಬಣ್ಣದವನ ಜಗಳ ಅಂದ್ಕೊಂಡ್ವಿ. ಬಣ್ಣದವನು ಐದಕ್ಕೆ ಮೊದಲೇ ಹೋಗಿದ್ದ. ಅಂದ್ಮೇಲೆ 'ಇತ್ಯರ್ಥ' ಯಾರ ಜೊತೆ ಸಾರ್?"

ಡೈರೆಕ್ಟರು ಚಕ್ರದ ಚಿತ್ರವನ್ನೇ ನೋಡುತ್ತಿದ್ದರು. ತಮ್ಮ ಜೀವನದ ಅತಿ ಪ್ರಸಿದ್ಧ ಶಾಟು ಇದೇ ಎಂದು ಅವರು ಎಷ್ಟು ವೇದಿಕೆಯಲ್ಲಿ ಹೇಳಿಕೊಂಡಿದ್ದರೋ.

"ಹೆಸರು ಕೇಳಿದ," ಎಂದರು ಕೊನೆಗೆ. "ರಾಗ ಅವನದ್ದು. ಸಂಗೀತ ಅಂತ ತನ್ನ ಹೆಸರು ಹಾಕು ಅಂದ. ಆಗ್ಲೇ ಎಲ್ಲಾ ಕಡೆ ನನ್ನ ಹೆಸರು ಅಚ್ಚಾಗಿತ್ತು. ಹಾಕಲ್ಲ ಅಂದೆ. ಹಾಗಾದ್ರೆ ಊರೂರಿಗೆ ಹೋಗಿ ನುಡಿಸ್ತಾ ಹೇಳ್ತೀನಿ ಅಂದ. ಅಲ್ಲೇ ಪಿಟೀಲು ತೆಗೆದು ನುಡಿಸೋಕೂ ಶುರು ಮಾಡಿದ..." ಅವರು ಕಣ್ಣು ಮುಚ್ಚಿಕೊಂಡರು. "ನಿಲ್ಸು ಅಂದೆ. ನಿಲ್ಲಿಸ್ಲಿಲ್ಲ."

"ಅದಕ್ಕೆ ನನ್ನ ತಮ್ಮನ ಪಟ್ಟಿ," ಎಂದಳು ಗಾರ್ಡಕ್ಕ.

"ಕೈಗೆ ಸಿಕ್ಕಿತು. ಆಮೇಲೆ ನಿಮ್ಮ ಬರಹ ಓದಿದೆ. ಅದೂ ಕೈಗೆ ಸಿಕ್ಕಿತು."

ಅವಳಿಗೆ ಎದ್ದು ಹೋಗಿ ಆ ಮುಖಕ್ಕೆ ಬಾರಿಸಬೇಕೆನ್ನಿಸಿತು. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಕೈಗೆ ಕೊಟ್ಟವಳು ಅವಳೇ.

* * *

ತಮ್ಮ ಬಿಡುಗಡೆಯಾಗಿ ಹೊರಬಂದಾಗ ಸೋಮವಾರ ಮಧ್ಯಾಹ್ನ. ಕೋರ್ಟಿನ ಮುಂದಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ನಾಲ್ಕು ದಿನಕ್ಕೆ ಅವನ ಕೆನ್ನೆ ಒಳಕ್ಕೆ ಹೋಗಿತ್ತು. ಗಾರ್ಡಕ್ಕ ಫೋನು ತೆರೆದು ಅವನ ಮುಂದೆ ಹಿಡಿದಳು. ಹಳಿ ಹುಚ್ಚರ ಗುಂಪಿನಲ್ಲಿ ಬೆಳಿಗ್ಗೆ ಹಾಕಿದ ಬರಹ. 'ನನ್ನ ಗುರುತು ತಪ್ಪು. ಗಾಡಿ ನಾಲ್ಕು ಹತ್ತರದ್ದು. ನಗರಕ್ಕೆ ಹೊರಟದ್ದು. ಡಾಕ್ಟರು ಕೇಳಿದ ಪ್ರಶ್ನೆಯೇ ಸರಿ.'

ತಮ್ಮ ನಿಧಾನವಾಗಿ ಓದಿದ. ಎರಡು ಸಲ ಓದಿದ.

"ಹಾಗಾದ್ರೆ ನಾನು ಹೋಗಿದ್ದೆ."

"ಹೋಗಿದ್ದೆ ಕಣೋ."

"ನನಗೆ ಗೊತ್ತಿತ್ತು ಅಕ್ಕ. ಕಿಟಕಿ ಪಕ್ಕ ಕೂತದ್ದು ನೆನಪಿತ್ತು. ನಗರ ಬರೋವರೆಗೂ ಅತ್ತದ್ದು ನೆನಪಿತ್ತು." "ನಾಲ್ಕು ದಿನ ಒಳಗೆ ಕೂತು ಅದೆಲ್ಲ ಸುಳ್ಳು ಅಂತ ನನಗೆ ನಾನೇ ಹೇಳ್ಕೊಂಡೆ. ನೀನು ಬರೆದಿದ್ದೀಯಲ್ಲ ಅಂತ."

ಗಾರ್ಡಕ್ಕ ಅವನ ಕೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ಒಂದು ಮಾತು ಕೇಳ್ಲಾ?" ಎಂದ. "ನಾನು ಕೊಂದಿಲ್ಲ ಅಂತ ನೀನು ನಂಬಿದ್ದು ಯಾವಾಗ? ಆ ಬ್ರೇಕ್ ನೋಡಿದ ಮೇಲಾ, ಅದಕ್ಕೂ ಮುಂಚೇನಾ?"

ಮುಂಚೆಯೇ ಎಂದುಬಿಟ್ಟರೆ ಮುಗಿಯುತ್ತಿತ್ತು. ಒಂದೇ ಒಂದು ಸುಳ್ಳು. ಯಾರೂ ಪತ್ತೆ ಹಚ್ಚಲಾರದ್ದು. ಆದರೆ ಪಂಪಿನ ಕೋಣೆಯಲ್ಲಿ ನೀಲಿ ಹೊಲಿಗೆ ಕಂಡ ಕ್ಷಣದಲ್ಲಿ, ಯಾರೂ ಕೇಳುವ ಮೊದಲೇ, ಇವನೇ ಮಾಡಿರಬೇಕು ಎಂದು ಅವಳ ಮನಸ್ಸು ಹೇಳಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಳು.

"ನೋಡಿದ ಮೇಲೆ," ಎಂದಳು.

ತಮ್ಮ ತಲೆಯಾಡಿಸಿದ. ಎದುರಿನ ರಸ್ತೆ ನೋಡಿದ. ಬಸ್ಸುಗಳು ಬಂದವು, ಹೋದವು.

"ನಾನೂ ಅಷ್ಟೇ," ಎಂದ. "ಈಗ ನೀನು ಹೇಳಿದ ಮೇಲೇ ನಂಬಿದ್ದು."

ಇಬ್ಬರೂ ಅಲ್ಲೇ ಕೂತಿದ್ದರು. ಮನೆಯ ಬಸ್ಸು ಎರಡು ಸಲ ಬಂದು ಹೋಯಿತು.